ಕಿಟಕಿ ಮುಚ್ಚಬೇಡಿ, ಕಿಟಕಿಗೆ ಮೈಕೂ ಕಟ್ಟಬೇಡಿ

(ಬಳ್ಳಾರಿಯಲ್ಲಿ ನಡೆದ ಕ್ರೈಸ್ತರ ಒಂದು ಕುಟುಂಬ ಕೂಟದಲ್ಲಿ ಆಡಿದ ಮಾತು ಇದು. ಬರೆದು ಕೊಡಿ ಅಂತ ಕೆಲವರು ಕೇಳಿದರು. ಹೆಚ್ಚುಕಡಿಮೆ ಆಡಿದ ಹಾಗೇ ಇಟ್ಟಿದ್ದೇನೆ. ನಡುವೆ ಕರೆಂಟ್ ಹೋಗಿ ಹತ್ತು ನಿಮಿಷ ಎಲ್ಲರೂ ಬೀಸಣಿಗೆ ಬೀಸುತ್ತಾ ಕೂತದ್ದನ್ನು ಮಾತ್ರ ಬಿಟ್ಟಿದ್ದೇನೆ.)

ಎಲ್ಲರಿಗೂ ವಂದನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಪಾಸ್ಟರ್ ಅಲ್ಲ. ದೇವಶಾಸ್ತ್ರ ಓದಿದವನೂ ಅಲ್ಲ. ಲಾರಿ ಆಫೀಸು, ಗೊಬ್ಬರದ ಅಂಗಡಿ, ಅಕ್ಕಿ ಗಿರಣಿ ಅಂತ ಲೆಕ್ಕ ಬರೆದುಕೊಂಡೇ ಜೀವನ ಕಳೆದವನು. ನನಗೆ ಕೊಟ್ಟ ವಿಷಯ, ‘ವಿಶ್ವಾಸವನ್ನು ಮುಚ್ಚಿಡದೆ ಬಾಳುವುದು, ಮನೆಯವರಿಗೆ ಮಾದರಿಯಾಗುವುದು’. ಮನೆಯಲ್ಲಿ ಇದನ್ನು ಹೇಳಿದಾಗ ನನ್ನ ಹೆಂಡತಿ ನಕ್ಕಳು. ‘ಇದಕ್ಕ ನಿಮ್ಮನ್ನ ಕರದಾರೇನು? ಮೊದಲ ನನ್ನ ಒಂದು ಮಾತು ಕೇಳಬೇಕಿತ್ತು’ ಅಂದಳು. ತಮಾಷೆಗೆ ಅಂದದ್ದು. ಆದರೂ ಅವತ್ತಿನಿಂದ ಆ ಮಾತು ನನ್ನ ತಲೆಯಲ್ಲೇ ಕೂತಿದೆ. ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ನಮ್ಮನ್ನು ವಾರಕ್ಕೆ ಎರಡು ತಾಸು ನೋಡುತ್ತಾರೆ, ಅದೂ ಇಸ್ತ್ರಿ ಮಾಡಿದ ಅಂಗಿಯಲ್ಲಿ. ಮನೆಯವರು ಬನಿಯನ್ನಿನಲ್ಲಿ ನೋಡುತ್ತಾರೆ.

ಬೆಟ್ಟದ ಪ್ರಸಂಗ, ಅಂದರೆ ಯೇಸು ಬೆಟ್ಟದ ಮೇಲೆ ಮಾಡಿದ ಬೋಧನೆ, ನಿಮಗೆಲ್ಲ ಗೊತ್ತು. ಬೈಬಲಿನ ಮತ್ತಾಯ 5ನೇ ಅಧ್ಯಾಯದಲ್ಲಿ ಯೇಸು ಬೆಟ್ಟದ ಮೇಲಿನ ಊರಿನ ಮಾತು ಎತ್ತುತ್ತಾನೆ. ಅದು ಮರೆಯಾಗಿರಲಾರದು, ಹಾಗೇ ನಿಮ್ಮ ಬೆಳಕು ಜನರ ಮುಂದೆ ಬೆಳಗಲಿ ಅಂತಾನೆ. ಬಳ್ಳಾರಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಊರಿನ ಯಾವ ಮಾಳಿಗೆ ಹತ್ತಿದರೂ ಗುಡ್ಡದ ಮೇಲಿನ ಕೋಟೆ ಕಣ್ಣಿಗೆ ಬಿದ್ದೇ ಬೀಳುತ್ತದೆ. ಸರಿ, ಪುಟ ತಿರುಗಿಸಿ. 6ನೇ ಅಧ್ಯಾಯಕ್ಕೆ ಬರುವಷ್ಟರಲ್ಲಿ ಅದೇ ಯೇಸು, ಜನ ನೋಡಲಿ ಅಂತ ಧರ್ಮ ಮಾಡಬೇಡಿ, ಪ್ರಾರ್ಥನೆ ಮಾಡುವಾಗ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳಿ, ಉಪವಾಸ ಇದ್ದರೆ ಮುಖ ತೊಳೆದು ಎಣ್ಣೆ ಹಚ್ಚಿಕೊಳ್ಳಿ ಅಂತಾನೆ. ಒಂದು ಕಡೆ ತೋರಿಸು, ಇನ್ನೊಂದು ಕಡೆ ಮುಚ್ಚು. ಚಿಕ್ಕಂದಿನಲ್ಲಿ ನನಗೆ ಇದು ಬಹಳ ಗೊಂದಲ. ಸಂಡೆ ಸ್ಕೂಲಿನಲ್ಲಿ ಕೇಳಿದ್ದಕ್ಕೆ ‘ದೊಡ್ಡವನಾದ್ಮೇಲೆ ತಿಳೀತೈತಿ’ ಅಂದರು. ದೊಡ್ಡವನಾಗಿ ತುಂಬಾ ವರ್ಷ ತಿಳಿಯಲೇ ಇಲ್ಲ.

ನನಗೆ ಇದು ಸ್ವಲ್ಪ ಬಿಡಿಸಿಕೊಂಡದ್ದು ದಾನಿಯೇಲನ ಕಥೆಯಿಂದ. ಪ್ರಾರ್ಥನೆ ಬಿಡದ್ದಕ್ಕೆ ಅವನನ್ನು ಸಿಂಹದ ಗವಿಗೆ ಹಾಕಿದ್ದು ಮಕ್ಕಳಿಗೂ ಗೊತ್ತು, ಆದರೆ ನಾನು ಅದಕ್ಕಿಂತ ಮುಂಚಿನ ಒಂದು ಸಾಲಿನ ಬಗ್ಗೆ ಹೇಳುತ್ತಿದ್ದೇನೆ. ಮೂವತ್ತು ದಿನ ರಾಜನನ್ನು ಬಿಟ್ಟು ಬೇರೆ ಯಾರಿಗೂ ಬೇಡಿಕೊಳ್ಳಬಾರದು ಅಂತ ಆಜ್ಞೆ ಆಯಿತು. ಅದು ತಿಳಿದ ಮೇಲೆ ದಾನಿಯೇಲ ಮನೆಗೆ ಹೋದ. ಮಾಳಿಗೆಯ ಕೋಣೆಯಲ್ಲಿ ಯೆರೂಸಲೇಮಿನ ಕಡೆಗೆ ತೆರೆದ ಕಿಟಕಿಗಳಿದ್ದವು. ದಿನಕ್ಕೆ ಮೂರು ಸಲ ಮೊಣಕಾಲೂರಿ ಪ್ರಾರ್ಥಿಸಿದ, ಮುಂಚೆ ಮಾಡುತ್ತಿದ್ದ ಹಾಗೆಯೇ. ಈ ‘ಮುಂಚಿನ ಹಾಗೆಯೇ’ ಅನ್ನುವುದೇ ಇಡೀ ಕಥೆ. ಹೆದರಿ ಕಿಟಕಿ ಮುಚ್ಚಲಿಲ್ಲ. ಹಟಕ್ಕೆ ಬಿದ್ದು ಬೀದಿಗೆ ಬಂದು ಮೊಣಕಾಲೂರಲೂ ಇಲ್ಲ. ನಮ್ಮಲ್ಲಿ ಎರಡೂ ಥರದವರಿದ್ದೇವೆ. ಆಫೀಸಿನಲ್ಲಿ ಯಾರಾದರೂ ಕೇಳಿದರೆ ‘ನಮ್ದು ಏನೂ ಇಲ್ಲ ಬಿಡ್ರೀ, ಎಲ್ಲಾ ದೇವ್ರೂ ಒಂದೇ’ ಅಂತ ಜಾರಿಕೊಳ್ಳುವವರು ಒಬ್ಬರು. ಮೂವತ್ತು ಜನರ ಪ್ರಾರ್ಥನೆಗೆ ಮುನ್ನೂರು ಜನರಿಗಾಗುವ ಸ್ಪೀಕರ್ ಇಟ್ಟು, ಪಕ್ಕದ ಮನೆಯ ಹುಡುಗನಿಗೆ ನಾಳೆ ಪಿಯುಸಿ ಪರೀಕ್ಷೆ ಇದೆ ಅನ್ನುವುದನ್ನೂ ಮರೆಯುವವರು ಇನ್ನೊಬ್ಬರು. ಕಿಟಕಿ ಮುಚ್ಚಬೇಡಿ, ಕಿಟಕಿಗೆ ಮೈಕೂ ಕಟ್ಟಬೇಡಿ. ನನಗೆ ಗೊತ್ತಿರುವುದು ಇಷ್ಟೇ, ಉಳಿದದ್ದೆಲ್ಲ ಇದರ ಸುತ್ತ ನನ್ನ ಮನೆಯ ಕಥೆ.

ಅದಕ್ಕೂ ಮುಂಚೆ ಭಾಷೆಯ ಬಗ್ಗೆ ಒಂದು ಚಿಕ್ಕ ಮಾತು. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಇದೇ ಬಳ್ಳಾರಿಗೆ ಬಂದರು. ಕನ್ನಡ ಕಲಿತರು, ತರ್ಜುಮೆಗೆ ಕೂತರು. ಕನ್ನಡದಲ್ಲಿ ಇಡೀ ಬೈಬಲ್ ಮುಗಿದು ಬರುವಷ್ಟರಲ್ಲಿ 1831 ಆಗಿತ್ತು. ಸುಮಾರು ಇಪ್ಪತ್ತು ವರ್ಷದ ಕೆಲಸ! ಯಾಕೆ ಅಷ್ಟು ಕಷ್ಟಪಟ್ಟರು? ಸಂತೆಗೆ ಬಂದವರು ಕೇಳಿದರೆ ತಿಳಿಯಲಿ ಅಂತ. ಈಗ ನಮ್ಮನ್ನು ನೋಡಿ. ರಾತ್ರಿ ಕುಟುಂಬ ಪ್ರಾರ್ಥನೆಗೆ ಕೂತರೆ ‘ಕರ್ತನೇ, ನಿನ್ನ ಪಾದಸನ್ನಿಧಾನಕ್ಕೆ ನಮ್ಮನ್ನು ಸಮರ್ಪಿಸಿಕೊಳ್ಳುತ್ತೇವೆ’ ಅಂತ ಒಂದು ಕನ್ನಡ. ಆಮೆನ್ ಅಂದ ಅರ್ಧ ನಿಮಿಷಕ್ಕೆ ‘ಏ, ಊಟಕ್ಕ ಹಾಕ್ತೀಯೋ ಇಲ್ಲೋ?’ ಅಂತ ಇನ್ನೊಂದು ಕನ್ನಡ. ಮಕ್ಕಳು ದಡ್ಡರಲ್ಲ. ಅಪ್ಪನ ಹತ್ತಿರ ದೇವರಿಗೆ ಒಂದು ದನಿ, ಅವ್ವನಿಗೆ ಒಂದು ದನಿ ಇದೆ ಅಂತ ಅವರಿಗೆ ಐದು ವರ್ಷಕ್ಕೇ ಗೊತ್ತಾಗುತ್ತದೆ. ನಾನೂ ಹೀಗೇ ಇದ್ದವನು, ಈಗಲೂ ಪೂರ್ತಿ ಬಿಟ್ಟಿಲ್ಲ.

ಈಗ ನನ್ನ ಕಥೆ. 2007, 2008ರ ಬಳ್ಳಾರಿ ಹೇಗಿತ್ತು ಅಂತ ಇಲ್ಲಿ ಕೂತ ದೊಡ್ಡವರಿಗೆ ಗೊತ್ತು. ಗಣಿಯ ಅದಿರಿನ ಧೂಳಿಗೆ ಹೊಸಪೇಟೆ ರಸ್ತೆ, ಸಂಡೂರು ರಸ್ತೆ ಎಲ್ಲಾ ಕೆಂಪು. ಗಿಡದ ಎಲೆ ಕೆಂಪು, ಒಣಹಾಕಿದ ಬಟ್ಟೆ ಕೆಂಪು, ಕೆಮ್ಮಿದರೆ ಉಗುಳೂ ಕೆಂಪು. ನಾನು ಅದಿರು ಸಾಗಿಸುವ ಒಂದು ಲಾರಿ ಆಫೀಸಿನಲ್ಲಿ ಲೆಕ್ಕ ಬರೆಯುತ್ತಿದ್ದೆ. ಹತ್ತು ಗಾಲಿಯ ಲಾರಿಗೆ ಆಗ ಸರ್ಕಾರದ ಮಿತಿ ಒಟ್ಟು 25 ಟನ್. ಲಾರಿಯ ತೂಕ ಕಳೆದರೆ ಮಾಲು ಹದಿನಾರು ಟನ್ನಿನ ಆಸುಪಾಸು ಹಿಡಿಯಬೇಕು. ನಮ್ಮ ಲಾರಿಗಳಲ್ಲಿ ಮಾಲೇ 25 ಟನ್ ಹೋಗುತ್ತಿತ್ತು. ಅದಕ್ಕೆ ಎರಡು ಪುಸ್ತಕ. ಒಂದು ತೋರಿಸುವುದಕ್ಕೆ, ಒಂದು ಮಾಲೀಕರಿಗೆ. ತಿಂಗಳ ಕೊನೆಗೆ ಕೆಲಸ ಜಾಸ್ತಿಯಾದರೆ ಎರಡನ್ನೂ ಮನೆಗೆ ತರುತ್ತಿದ್ದೆ.

ನಮ್ಮ ಮನೆಯಲ್ಲಿ ದಿನಾ ರಾತ್ರಿ ಏಳೂವರೆಗೆ ಪ್ರಾರ್ಥನೆ. ಒಂದು ಕೀರ್ತನೆ, ಒಂದು ಅಧ್ಯಾಯ, ಎಲ್ಲರೂ ಒಂದೊಂದು ಮಾತು. ಒಂದು ದಿನವೂ ತಪ್ಪಿಸಿದವನಲ್ಲ, ಅದರ ಬಗ್ಗೆ ನನಗೆ ಜಂಬವೂ ಇತ್ತು. ಅವತ್ತೂ ಪ್ರಾರ್ಥನೆ ಮುಗಿಯಿತು, ಅದೇ ಚಾಪೆಯ ಮೇಲೆ ಪುಸ್ತಕ ಹರಡಿಕೊಂಡೆ. ಏಳನೇ ಕ್ಲಾಸಿನ ಮಗಳು ಲೆಕ್ಕದಲ್ಲಿ ಚುರುಕು, ಕೂಡಿಸಿ ಕೊಡ್ತೀನಿ ಅಂತ ಪಕ್ಕದಲ್ಲಿ ಕೂತಳು. ಸ್ವಲ್ಪ ಹೊತ್ತಿಗೆ ಕೇಳಿದಳು, ‘ಅಪ್ಪಾ, ಅದೇ ಲಾರಿ, ಅದೇ ತಾರೀಖು. ಈ ಬುಕ್ಕಿನ್ಯಾಗ 16 ಐತಿ, ಆ ಬುಕ್ಕಿನ್ಯಾಗ 25 ಐತಿ. ಯಾವ್ದು ಖರೆ?’

ಬೈಬಲ್ ಇನ್ನೂ ಚಾಪೆಯ ಮೇಲೇ ಇತ್ತು. ನಾನು ಅಂದೆ, ‘ಅದು ಆಫೀಸಿನ ವಿಷಯ, ನಿನಗ ತಿಳಿಯಂಗಿಲ್ಲ.’

ಅವಳು ಮತ್ತೆ ಕೇಳಲಿಲ್ಲ. ನಾನೂ ಮರೆತೆ. ಕೆಲವು ತಿಂಗಳಾದ ಮೇಲೆ ಸಂಡೆ ಸ್ಕೂಲಿನ ಟೀಚರಮ್ಮ ನನ್ನನ್ನು ನಿಲ್ಲಿಸಿ ನಗುತ್ತಾ ಹೇಳಿದರು. ಕ್ಲಾಸಿನಲ್ಲಿ ಹತ್ತು ಆಜ್ಞೆಗಳ ಪಾಠವಂತೆ, ಸುಳ್ಳು ಸಾಕ್ಷಿ ಹೇಳಬಾರದು ಅನ್ನುವಲ್ಲಿಗೆ ಬಂದಾಗ ನನ್ನ ಮಗಳು ಎದ್ದು ನಿಂತು ‘ಟೀಚರ್, ಆಫೀಸಿನ ಸುಳ್ಳು ಬ್ಯಾರೆ ಇರತೈತ್ರೀ, ನಮ್ಮಪ್ಪ ಹೇಳ್ಯಾನ’ ಅಂದಳಂತೆ. ಅವರಿಗೆ ನಗು. ನನಗೆ ಸೈಕಲ್ ಸ್ಟ್ಯಾಂಡ್ ತೆಗೆಯೋಕೂ ಕೈ ಬರಲಿಲ್ಲ. ಎಷ್ಟೋ ವರ್ಷ ಏಳೂವರೆ ಗಂಟೆ ತಪ್ಪಿಸದೆ ಕೂಡಿಸಿ ಕಲಿಸಿದ್ದು ಅವಳಿಗೆ ಎಷ್ಟು ಹತ್ತಿತ್ತೋ ಗೊತ್ತಿಲ್ಲ, ಈ ಒಂದು ಮಾತು ಮಾತ್ರ ಚೆನ್ನಾಗಿ ಹತ್ತಿತ್ತು.

ಸಭೆಯಲ್ಲಿ ಎದ್ದು ನಿಂತು, ದೇವರು ತಮಗೆ ಮಾಡಿದ್ದರ ಸಾಕ್ಷಿ ಹೇಳುವವರು ಇಲ್ಲಿ ಏನು ಹೇಳುತ್ತಾರೆ ಅಂತ ನಿಮಗೆ ಗೊತ್ತು. ‘ಮರುದಿನವೇ ಕೆಲಸ ಬಿಟ್ಟೆ, ತಿಂಗಳೊಳಗೆ ದೇವರು ಎರಡು ಪಟ್ಟು ಕೊಟ್ಟರು, ಹಲ್ಲೆಲೂಯ.’ ನಾನು ಮರುದಿನ ಬಿಡಲಿಲ್ಲ. ಮನೆಯ ಸಾಲ ಇತ್ತು, ಎಂಟು ತಿಂಗಳು ಅದನ್ನೇ ಬರೆದೆ. ಆಮೇಲೆ ಬಿಟ್ಟೆ. ಎರಡು ಪಟ್ಟು ಬರಲಿಲ್ಲ, ಗೊಬ್ಬರದ ಅಂಗಡಿಯಲ್ಲಿ ಸಿಕ್ಕದ್ದು ಹಳೇ ಸಂಬಳದ ಅರ್ಧಕ್ಕಿಂತ ಸ್ವಲ್ಪ ಮೇಲೆ. 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತ ವರದಿ ಬಂತು, ಅದರ ಬೆನ್ನಿಗೇ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿ ನಿಲ್ಲಿಸಿತು. ಆಗ ಸಭೆಯಲ್ಲಿ ಕೆಲವರು ‘ನೋಡಿ, ದೇವರು ನಿಮ್ಮನ್ನ ಮೊದಲೇ ಬಿಡಿಸಿದ್ರು’ ಅಂದರು. ನಾನು ಹಾಗೆ ಹೇಳಲಾರೆ. ಅವತ್ತು ಎಷ್ಟೋ ಡ್ರೈವರ್, ಕ್ಲೀನರುಗಳ ಮನೆಯ ಒಲೆ ಆರಿತು, ಅವರಲ್ಲಿ ನನಗಿಂತ ಒಳ್ಳೆಯವರು ಬೇಕಾದಷ್ಟು ಜನ ಇದ್ದರು.

ಕೆಲಸ ಬಿಟ್ಟ ವಾರ ಮಗಳನ್ನು ಕೂರಿಸಿಕೊಂಡು ಹೇಳಿದೆ, ‘ಅವತ್ತು ನೀನು ಕೇಳಿದ್ಯಲ್ಲ, 25 ಖರೆ, 16 ಸುಳ್ಳು. ಬರೆದವನು ನಾನು. ನಿನಗೆ ಸುಳ್ಳು ಹೇಳಿದೆ, ತಪ್ಪಾಯ್ತು.’ ಅವಳು ತಲೆ ಎತ್ತದೆ ‘ನನಗ ಅವತ್ತ ಗೊತ್ತಿತ್ತಪ್ಪಾ’ ಅಂದಳು.

ಬೈಬಲಿನಲ್ಲಿ ಏಲಿ ಅನ್ನುವವನ ಕಥೆ ಓದಿದಾಗಲೆಲ್ಲ ಇದು ನೆನಪಾಗುತ್ತದೆ. ಶಿಲೋ ಅನ್ನುವ ಊರಿನ ಯಾಜಕ, ಅಂದರೆ ಬಲಿ ಅರ್ಪಿಸುವ ಪೂಜಾರಿ. ಮಕ್ಕಳು ಹೊಫ್ನಿ ಮತ್ತು ಫೀನೆಹಾಸ, ಬಲಿಯ ಮಾಂಸವನ್ನು ಜನರಿಂದ ಕಸಿದುಕೊಳ್ಳುತ್ತಿದ್ದರು. ಏಲಿ ಬಯ್ದ, ಬಯ್ಯಲಿಲ್ಲ ಅಂತಿಲ್ಲ. ಆದರೆ ದೇವರು ಅವನನ್ನು ಕೇಳಿದ್ದು ಬೇರೆ. ಆ ಕಾಣಿಕೆಯ ಒಳ್ಳೊಳ್ಳೆ ಭಾಗ ತಿಂದು ನೀವೆಲ್ಲ ಯಾಕೆ ಕೊಬ್ಬಿದಿರಿ ಅಂತ. ನೀವೆಲ್ಲ ಅಂದರೆ ಅಪ್ಪನೂ ಸೇರಿ. ಕಸಿದ ಮಾಂಸ ಅಪ್ಪನ ತಟ್ಟೆಗೂ ಬರುತ್ತಿತ್ತು ಅಂತಾಯಿತಲ್ವಾ? ಬಾಯಿ ತುಂಬಾ ಅದನ್ನೇ ಇಟ್ಟುಕೊಂಡು ಬಯ್ದರೆ ಮಕ್ಕಳು ಎಷ್ಟು ಕೇಳುತ್ತಾರೆ?

ಸರಿ, ನನ್ನದೇ ಜಾಸ್ತಿ ಆಯಿತು. ನನಗೆ ಮಾದರಿ ಆದವರ ಬಗ್ಗೆ ಹೇಳುತ್ತೇನೆ, ನಮ್ಮಜ್ಜಿ. ಲಿಂಗಸುಗೂರು ತಾಲೂಕಿನ ಒಂದು ಹಳ್ಳಿ, ಮುದಗಲ್ಲಿಗೆ ಹತ್ತಿರ. ಮುದಗಲ್ಲಿನಲ್ಲಿ ಆದಿಲ್‌ಶಾಹಿ ಕಾಲದಿಂದಲೂ ಕ್ರೈಸ್ತರಿದ್ದಾರೆ, ಅದೇ ಊರಿನ ಮೊಹರಂಗೆ ಎಲ್ಲ ಜಾತಿಯವರೂ ಬಂದು ಸೇರುತ್ತಾರೆ. ಅಂಥ ಸೀಮೆಯಲ್ಲಿ ವಿಶ್ವಾಸ ಮುಚ್ಚಿಡುವ ಪ್ರಶ್ನೆಯೇ ಬರುತ್ತಿರಲಿಲ್ಲ, ಯಾರ ಮನೆಯಲ್ಲಿ ಏನು ಅಂತ ಎಲ್ಲರಿಗೂ ಗೊತ್ತು. ಅಜ್ಜಿಗೆ ಓದು ಬರುತ್ತಿರಲಿಲ್ಲ. ಬೈಬಲನ್ನು ಹಳೇ ಇಳಕಲ್ ಸೀರೆಯ ತುಂಡಿನಲ್ಲಿ ಸುತ್ತಿ ಇಟ್ಟಿದ್ದಳು, ಸಾಲೆಗೆ ಹೋಗುವ ಮೊಮ್ಮಕ್ಕಳೇ ಓದಿ ಹೇಳಬೇಕು. ತಪ್ಪು ಓದಿದರೆ ಓದು ಬಾರದ ಅಜ್ಜಿಯೇ ತಿದ್ದುತ್ತಿದ್ದಳು!

ದಿನಾ ಜೋಳ ಬೀಸುವ ಮುಂಚೆ ಒಂದು ಹಿಡಿ ತೆಗೆದು ಮೂಲೆಯ ಮಣ್ಣಿನ ಗಡಿಗೆಗೆ ಹಾಕುತ್ತಿದ್ದಳು. ಭಾನುವಾರ ಅದು ದೇವರ ಗುಡಿಗೆ. (ನಮ್ಮ ಕಡೆ ಚರ್ಚಿಗೂ ಗುಡಿ ಅಂತಲೇ ಅನ್ನುತ್ತಿದ್ದರು.) ಅದರ ಬಗ್ಗೆ ನಮಗೆ ಯಾವತ್ತೂ ಪಾಠ ಮಾಡಲಿಲ್ಲ. ಹಸಿವಾದರೂ ಆ ಗಡಿಗೆಗೆ ಕೈ ಹಾಕಬಾರದು ಅನ್ನುವುದು ಮನೆಯ ಬೆಕ್ಕಿಗೂ ಗೊತ್ತಿತ್ತು ಅನ್ನಿ. 1972ರ ಬರ. ನನಗೆ ಎಂಟು ವರ್ಷ. ಒಂದು ದಿನ ಅಜ್ಜಿ ಆ ಗಡಿಗೆಯನ್ನೇ ಎತ್ತಿಕೊಂಡು ಪಕ್ಕದ ಮನೆಗೆ ಹೋದಳು. ಅವರ ಮನೆಯಲ್ಲಿ ಎರಡು ದಿನದಿಂದ ಹೊಗೆ ಎದ್ದಿರಲಿಲ್ಲ. ಅವರು ನಮ್ಮ ಸಭೆಯವರಲ್ಲ, ನಮ್ಮ ಜಾತಿಯವರೂ ಅಲ್ಲ. ಅವ್ವ ಗಾಬರಿಯಾದಳು, ‘ದೇವ್ರದು ಅಲ್ಲೇನತ್ತಿ ಅದು?’ ಅಜ್ಜಿ ಉತ್ತರ ಕೊಡಲಿಲ್ಲ. ಭಾನುವಾರ ಖಾಲಿ ಗಡಿಗೆಯನ್ನೇ ಹೊತ್ತು ನಡೆದಳು, ಕಾಣಿಕೆ ಇಡುವ ಜಾಗದಲ್ಲಿ ಬೋರಲು ಹಾಕಿದಳು, ‘ಈ ವಾರದ್ದು ಪಕ್ಕದ ಮನ್ಯಾಗ ಐತ್ರೀ ಅಯ್ಯನೋರ’ ಅಂದಳು. ಅಯ್ಯನೋರು, ಅಂದರೆ ಪಾಸ್ಟರು, ಆ ಗಡಿಗೆಯ ಮೇಲೆ ಕೈ ಇಟ್ಟು ಪ್ರಾರ್ಥನೆ ಮಾಡಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಕೊಟ್ಟದ್ದನ್ನು ಊರಿಗೆ ಸಾರಲಿಲ್ಲ, ತರದೇ ಇದ್ದದ್ದನ್ನು ಸಭೆಗೆ ಮುಚ್ಚಲಿಲ್ಲ. 5ನೇ ಅಧ್ಯಾಯವೂ 6ನೇ ಅಧ್ಯಾಯವೂ ಒಂದೇ ಗಡಿಗೆಯಲ್ಲಿ.

ಇನ್ನೊಂದು ವಿಷಯ, ಎಲ್ಲರೂ ಕೇಳುವುದು, ಪ್ರಸಾದ. ಜಾತ್ರೆ, ಹಬ್ಬ ಬಂದರೆ ಅಕ್ಕಪಕ್ಕದವರು ಪ್ರೀತಿಯಿಂದ ತಂದು ಕೊಡುತ್ತಾರೆ. ನಮ್ಮಲ್ಲಿ ಕೆಲವರು ನಗುತ್ತಾ ಇಸಿದುಕೊಂಡು, ಬಾಗಿಲು ಹಾಕಿದ ಮೇಲೆ ಹಿತ್ತಲಲ್ಲಿ ಸುರಿಯುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ತಿನ್ನುವುದು, ಬಿಡುವುದು ನಿಮ್ಮ ನಿಮ್ಮ ಮನಸ್ಸಾಕ್ಷಿ, ಅಪೊಸ್ತಲ ಪೌಲನೂ ಕೊರಿಂಥದ ಸಭೆಯವರಿಗೆ ಇದರ ಬಗ್ಗೆ ಬರೆಯುವಾಗ ಎದುರಿನವನ ಮನಸ್ಸಾಕ್ಷಿಯನ್ನೇ ಮುಖ್ಯ ಮಾಡಿದ. ಆದರೆ ಸುರಿಯುವುದನ್ನು ಮಗು ನೋಡುತ್ತದೆ. ಪಕ್ಕದ ಮನೆಯವರ ಪ್ರೀತಿ ಹಿತ್ತಲಿಗೆ ಹೋಗುವಂಥದ್ದು ಅಂತ ಕಲಿಯುತ್ತದೆ. ನಮ್ಮ ಚಿಕ್ಕಮ್ಮ ಬಳ್ಳಾರಿಯ ಕೌಲ್‌ಬಜಾರಿನಲ್ಲಿದ್ದಾಗ ಪಕ್ಕದ ಮನೆಯವರಿಗೆ ಮೊದಲ ವರ್ಷವೇ ಕೈ ಹಿಡಿದು ಹೇಳಿದ್ದಳು, ‘ಅಕ್ಕಾ, ನೀನು ಏನು ಕೊಟ್ರೂ ತಿಂತೀನಿ, ದೇವರಿಗೆ ಎಡೆ ಮಾಡಿದ್ದೊಂದು ನಮಗ ಆಗಂಗಿಲ್ಲ, ಬ್ಯಾಸರ ಮಾಡ್ಕೋಬ್ಯಾಡ.’ ಅವರು ಒಂದು ವಾರ ಮುಖ ಊದಿಸಿಕೊಂಡಿದ್ದರಂತೆ. ಮುಂದಿನ ಯುಗಾದಿಗೆ ಎಡೆಗಿಂತ ಮುಂಚೆಯೇ ನಾಲ್ಕು ಹೋಳಿಗೆ ಬೇರೆ ತೆಗೆದಿಟ್ಟು ಕಳಿಸಿದರು. ಚಿಕ್ಕಮ್ಮ ಇರುವ ತನಕವೂ ಆ ನಾಲ್ಕು ಹೋಳಿಗೆ ಬಂದವು. ಕ್ರಿಸ್ಮಸ್ಸಿಗೆ ಚಿಕ್ಕಮ್ಮನ ಕರ್ಜಿಕಾಯಿ ಆ ಕಡೆಗೆ ಹೋಗುತ್ತಿತ್ತು. ಮುಚ್ಚಿಟ್ಟಿದ್ದರೆ ಇದು ಆಗುತ್ತಿತ್ತಾ?

ಮುಚ್ಚಿಡುವುದಕ್ಕೆ ಹೆದರಿಕೆ ಒಂದೇ ಕಾರಣ ಅಲ್ಲ, ಇದನ್ನೂ ಹೇಳಬೇಕು. ಸಂವಿಧಾನದ 25ನೇ ವಿಧಿ ನಂಬುವುದಕ್ಕೂ ನಂಬಿದ್ದನ್ನು ಹೇಳಿಕೊಳ್ಳುವುದಕ್ಕೂ ಹಕ್ಕು ಕೊಟ್ಟಿದೆ. ಆದರೆ 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿ ಅನ್ನಿಸಿಕೊಂಡು ಮೀಸಲಾತಿ ಪಡೆಯಲು ಹಿಂದೂ ಆಗಿರಬೇಕಿತ್ತು. 1956ರಲ್ಲಿ ಸಿಖ್ಖರನ್ನು ಸೇರಿಸಿದರು, 1990ರಲ್ಲಿ ಬೌದ್ಧರನ್ನು. ದಲಿತ ಕ್ರೈಸ್ತರು ಹೊರಗೇ ಉಳಿದರು. ನಮ್ಮ ರಾಜ್ಯದಲ್ಲಿ ಅವರಿಗೆ ಹಿಂದುಳಿದ ವರ್ಗಗಳ ಪಟ್ಟಿಯ ಪ್ರವರ್ಗ 1 ಸಿಗುತ್ತದೆ, ಅಷ್ಟೇ. ಹೀಗಾಗಿ ಎಷ್ಟೋ ಮನೆಗಳಲ್ಲಿ ಒಂದೇ ಹುಡುಗ ಸಾಲೆಯಲ್ಲಿ ಹನುಮಂತ, ಸಭೆಯಲ್ಲಿ ಸಾಮ್ಯುವೇಲ. ಬೇರೆ ನಂಬಿಕೆ ಇಟ್ಟುಕೊಂಡು ಮೀಸಲಾತಿಗಾಗಿ ಮಾತ್ರ ಹಿಂದೂ ಅಂದರೆ ಆಗದು ಅಂತ 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಧರ್ಮ ಬದಲಾದ ಮಾತ್ರಕ್ಕೆ ಕೇರಿ ಬದಲಾಗಲಿಲ್ಲ, ಬಾವಿ ಬದಲಾಗಲಿಲ್ಲ, ಆದ್ದರಿಂದ ಆ ಆದೇಶ ನ್ಯಾಯ ಅಂತ ನನಗೆ ಅನ್ನಿಸುವುದಿಲ್ಲ. ಎರಡು ಹೆಸರು ಇಟ್ಟುಕೊಂಡವರನ್ನು ಬಯ್ಯುವ ಯೋಗ್ಯತೆ ಎರಡು ಪುಸ್ತಕ ಬರೆದವನಿಗೆ ಇಲ್ಲ. ಒಂದೇ ಒಂದು ಮಾತು, ಮಗು ‘ಯಾವ್ದು ಖರೆ?’ ಅಂತ ಕೇಳಿದ ದಿನ ‘ನಿನಗ ತಿಳಿಯಂಗಿಲ್ಲ’ ಅನ್ನಬೇಡಿ. ಕೂರಿಸಿಕೊಂಡು ಕಷ್ಟ ಏನು, ಭಯ ಏನು, ಎಲ್ಲವನ್ನೂ ಹೇಳಿ.

ಮಾತು ಮುಗಿದ ಮೇಲೆ ಒಬ್ಬ ತಂಗಿ ಎದ್ದು ಕೇಳಿದರು, ಅದನ್ನೂ ಇಲ್ಲೇ ಸೇರಿಸುತ್ತೇನೆ. ‘ಅಣ್ಣಾರ, ನಮ್ಮನ್ಯಾಗ ಯಜಮಾನ್ರು ವಿಶ್ವಾಸಕ್ಕ ಬಂದಿಲ್ಲ. ನಾ ಒಬ್ಬಾಕೀನ ಬರ್ತೀನಿ. ಮಕ್ಕಳಿಗೆ ನಾ ಎಷ್ಟಂತ ಮಾದರಿ ಆಗ್ಲಿ?’

ಪೌಲನ ಜೊತೆ ಸೇವೆ ಮಾಡಿದ ತಿಮೊಥೆಯನ ಮನೆಯೂ ಹೀಗೇ ಇತ್ತು ಅಂದೆ. ಅಪೊಸ್ತಲರ ಕೃತ್ಯಗಳು 16ರಲ್ಲಿ ಅವನ ತಾಯಿ ವಿಶ್ವಾಸಿಯಾದ ಯೆಹೂದ್ಯಳು, ತಂದೆ ಗ್ರೀಕನು ಅಂತಿದೆ. ತಂದೆಯ ಬಗ್ಗೆ ಅಷ್ಟೇ, ಮುಂದೆ ಮಾತಿಲ್ಲ. ಪೌಲ ಅವನಿಗೆ ಪತ್ರ ಬರೆಯುವಾಗ ನೆನೆಸಿಕೊಳ್ಳುವುದು ಅಜ್ಜಿ ಲೋವಿ ಮತ್ತು ತಾಯಿ ಯೂನಿಕೆಯನ್ನು. ಈ ಇಬ್ಬರೂ ಪ್ರಸಂಗ ಮಾಡಿದರು, ಸಭೆ ಕಟ್ಟಿದರು ಅಂತ ಎಲ್ಲೂ ಇಲ್ಲ. ಅವರಲ್ಲಿ ಇದ್ದ ನಂಬಿಕೆ ಹುಡುಗನಲ್ಲೂ ಇದೆ ಅಂತ ಮಾತ್ರ ಇದೆ. ಅಪೊಸ್ತಲ ಪೇತ್ರನಂತೂ ಅಂಥ ಹೆಂಗಸರಿಗೆ, ಗಂಡ ನಿಮ್ಮ ನಡತೆ ನೋಡಿಯೇ ಮಾತಿಲ್ಲದೆ ಬರಬಹುದು ಅಂತ ಬರೆದ. ಆದರೆ ಒಂದು ಹೇಳಿದೆ, ಇದನ್ನು ಗಂಡ ಹೊಡೆದರೂ ಸುಮ್ನಿರು ಅಂತ ಯಾರಾದರೂ ತಿರುಗಿಸಿ ಹೇಳಿದರೆ ಕೇಳಬೇಡ ತಂಗಿ. ನಮ್ಮ ಸಭೆಗಳಲ್ಲೇ ಹಾಗೆ ಹೇಳುವ ದೊಡ್ಡವರಿದ್ದಾರೆ, ಅದು ತಪ್ಪು.

ಆಮೇಲೆ ಹಿಂದಿನ ಸಾಲಿನಿಂದ ಒಬ್ಬರು ‘ನಿಮ್ಮ ಮಕ್ಕಳು ಈಗ ಹೆಂಗದಾರ್ರೀ?’ ಅಂತ ನೇರ ಕೇಳಿದರು. ಎಲ್ಲರೂ ನಕ್ಕರು. ಕೇಳಬೇಕಾದ ಪ್ರಶ್ನೆಯೇ.

ಮಗಳು ಬೆಂಗಳೂರಿನಲ್ಲಿ ಆಡಿಟರ್ ಆಫೀಸಿನಲ್ಲಿದ್ದಾಳೆ, ಸಭೆಗೆ ಹೋಗುತ್ತಾಳೆ. ಮಗ ಬರುವುದಿಲ್ಲ. ನಾಲ್ಕು ವರ್ಷ ಆಯಿತು. ಇಲ್ಲೇ ಜೀನ್ಸ್ ಹೊಲಿಸುವ ಕೆಲಸ ಮಾಡಿಸುತ್ತಾನೆ, ಹನ್ನೆರಡು ಮಿಷನ್ ಇಟ್ಟಿದ್ದಾನೆ. ಮೊದಮೊದಲು ನಾನು ಜಗಳ ಆಡಿದೆ, ‘ಜನ ಏನಂತಾರೆ’ ಅಂದೆ. ‘ಜನರಿಗಾಗಿ ಬರ್ಲಾ ಅಪ್ಪಾಜಿ?’ ಅಂದ. ಆಮೇಲೆ ಬಾಯಿ ಮುಚ್ಚಿದೆ. ಶನಿವಾರ ಸಂಜೆ ಹೊಲಿಗೆಯವರ ಬಟವಾಡೆ ಅವನು ಒಂದು ವಾರವೂ ತಡ ಮಾಡಿದವನಲ್ಲ. ಇದು ಎಲ್ಲಿಂದ ಬಂತು ಅಂತ ನಾನು ಅವನನ್ನು ಕೇಳಿಲ್ಲ.

ಹೋದ ತಿಂಗಳು ಅವರವ್ವನಿಗೆ ಮೊಣಕಾಲು ನೋವು, ಅವನೇ ಬೈಕಿನಲ್ಲಿ ಸಭೆಗೆ ಬಿಟ್ಟ. ವಾಪಸ್ ಹೋಗದೆ ಹೊರಗೆ ಬೇವಿನ ಮರದ ಕೆಳಗೆ ಫೋನ್ ನೋಡುತ್ತಾ ಕೂತಿದ್ದ. ನಾನು ಒಳಗೆ ಕರೆಯಲಿಲ್ಲ, ಕರೆಯಬೇಕಿತ್ತೋ ಏನೋ. ಆರಾಧನೆ ಮುಗಿಸಿ ಬಂದಾಗ ‘ಎಷ್ಟು ಉದ್ದ ಪ್ರಸಂಗ ಮಾಡ್ತಾರಪ್ಪಾ ನಿಮ್ಮ ಅಯ್ಯನೋರು’ ಅಂದ.

‘ನಿನಗ ಹ್ಯಾಂಗ ಗೊತ್ತು?’ ಅಂದೆ.

‘ಸೆಕಿಗೆ ಕಿಟಕಿ ಎಲ್ಲಾ ತೆಗದೀರಲ್ಲ’ ಅಂದ. ಗಾಡಿ ಸ್ಟಾರ್ಟ್ ಮಾಡಿ, ಅವ್ವ ಕೂತಳಾ ಇಲ್ವಾ ಅಂತ ಹಿಂದೆ ತಿರುಗಿ ನೋಡಿದ.